ಕೊಟ್ರೇಶ ಎಂಬ ಹೆಸರು

ಮನುಷ್ಯನಿಗೆ ಅತ್ಯಂತ ಸ್ವಂತವಾದುದು ಯಾವುದೆಂದು ಕೇಳಿದರೆ ಅವನ ಹೆಸರು ಎಂದೇ ಹೇಳಬೇಕಾಗುತ್ತದೆ. ಆದರೆ ಅದನ್ನು ಅವನು ತಾನಾಗಿ ಆರಿಸಿಕೊಂಡಿರುವುದಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಹಿರಿಯರು ಕೊಟ್ಟಿರುತ್ತಾರೆ. ಅದನ್ನು ಹೆಚ್ಚಾಗಿ ಬಳಸುವವರೂ ಇತರರೇ. ಹೀಗೆ ಇತರರು ಕೊಟ್ಟು ಇತರರೇ ಬಳಸುವ ಈ ಸ್ವತ್ತಿನಲ್ಲಿ ಒಂದು ಮನೆತನದ ನೆನಪು, ಒಂದು ಊರಿನ ನಂಬಿಕೆ, ಒಂದು ಕಾಲದ ರುಚಿ ಎಲ್ಲವೂ ಅಡಗಿರುತ್ತವೆ. ಕೆಲವು ಹೆಸರುಗಳ ಅರ್ಥವನ್ನು ನಿಘಂಟಿನಲ್ಲಿ ಹುಡುಕಬಹುದು. 'ಆನಂದ' ಎಂದರೆ ಸಂತೋಷ. 'ವಿಜಯ' ಎಂದರೆ ಗೆಲುವು. ಮತ್ತೆ ಕೆಲವು ಹೆಸರುಗಳ ಅರ್ಥ ನಿಘಂಟಿನಲ್ಲಿ ಸಿಕ್ಕುವುದಿಲ್ಲ. ಅದನ್ನು ಭೂಪಟದಲ್ಲಿ ಹುಡುಕಬೇಕು. 'ಕೊಟ್ರೇಶ' ಎಂಬುದು ಈ ಎರಡನೆಯ ಬಗೆಯ ಹೆಸರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ—ಈ ಐದು ತಾಲ್ಲೂಕುಗಳ ಯಾವುದಾದರೂ ಜಾತ್ರೆಯಲ್ಲೋ ಸಂತೆಯಲ್ಲೋ ನಿಂತು 'ಕೊಟ್ರೇಶಾ' ಎಂದು ಗಟ್ಟಿಯಾಗಿ ಕೂಗಿದರೆ ಒಬ್ಬನಲ್ಲ, ಹಲವರು ತಿರುಗಿ ನೋಡುವುದುಂಟು. ಇದೇ ಹೆಸರನ್ನು ಮೈಸೂರಿನಲ್ಲಿಯೋ ಮಂಗಳೂರಿನಲ್ಲಿಯೋ ಕೂಗಿದರೆ ತಿರುಗಿ ನೋಡುವವನು ದೊರೆಯುವುದು ಕಷ್ಟ. ಒಂದು ಹೆಸರು ಒಂದು ಸೀಮೆಯಲ್ಲಿ ಇಷ್ಟು ದಟ್ಟವಾಗಿ ಬೆಳೆದು, ಅದರಾಚೆಗೆ ಇಷ್ಟು ವಿರಳವಾಗಲು ಕಾರಣವೇನು? ಇದನ್ನು ವಿಚಾರಿಸುತ್ತ ಹೋದರೆ ವ್ಯಾಕರಣ, ಇತಿಹಾಸ, ಜನಜೀವನ ಮೂರೂ ಒಂದೇ ಹೆಸರಿನ ಸುತ್ತ ಹೆಣೆದುಕೊಂಡಿರುವುದು ಕಾಣುತ್ತದೆ.

ಮೊದಲು ಪದದ ರಚನೆಯನ್ನು ನೋಡೋಣ. 'ಕೊಟ್ರೇಶ' ಎಂಬುದರ ಪೂರ್ಣರೂಪ 'ಕೊಟ್ಟೂರೇಶ' ಅಥವಾ 'ಕೊಟ್ಟೂರೇಶ್ವರ'. ಕೊಟ್ಟೂರು ಊರಿನ ಹೆಸರು. 'ಈಶ' ಎಂದರೆ ಒಡೆಯ. ಕೊಟ್ಟೂರಿನ ಒಡೆಯನೇ ಕೊಟ್ಟೂರೇಶ. 'ಕೊಟ್ಟೂರ' ಎಂಬ ರೂಪದ ಕೊನೆಯ ಅಕಾರಕ್ಕೆ 'ಈಶ' ಶಬ್ದದ ಈಕಾರ ಪರವಾದಾಗ ಎರಡೂ ಸೇರಿ ಏಕಾರವಾಗಿದೆ. ಮಹಾ ಮತ್ತು ಈಶ ಸೇರಿ ಮಹೇಶ ಎಂದಾಗುವಂತೆ ಇದೂ ಗುಣಸಂಧಿಯ ಮಾದರಿಯದು. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಕೊಟ್ಟೂರು ಅಚ್ಚಗನ್ನಡದ ಪದ, ಈಶ ಸಂಸ್ಕೃತ ಪದ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದು ಸಮಾಸ ಮಾಡುವುದನ್ನು ನಮ್ಮ ವ್ಯಾಕರಣಕಾರರು 'ಅರಿಸಮಾಸ' ಎಂದು ಕರೆದರು. ಪರಸ್ಪರ ಹೊಂದದವರನ್ನು ಒಂದೆಡೆ ಕಟ್ಟಿಹಾಕಿದಂತೆ ಎಂಬುದು ಅವರ ಭಾವ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಈ ವಿಷಯವನ್ನು ಚರ್ಚಿಸಿದ್ದಾನೆ. ವ್ಯಾಕರಣದ ಕಟ್ಟಳೆ ಏನೇ ಇರಲಿ, ಮಗುವನ್ನು ತೊಟ್ಟಿಲಿಗೆ ಹಾಕುವ ತಾಯಿ ಆ ಅನುಮತಿಗಾಗಿ ಕಾಯಲಿಲ್ಲ. ಅವಳ ಬಾಯಲ್ಲಿ ಕನ್ನಡದ ಊರೂ ಸಂಸ್ಕೃತದ ಈಶನೂ ಹಗೆತನವಿಲ್ಲದೆ ಒಂದಾದರು.

ಅಲ್ಲಿಂದ ಮುಂದೆ ನಡೆದುದು ಉಚ್ಚಾರಣೆಯ ಸೌಲಭ್ಯಕ್ಕಾಗಿ ಆದ ಬದಲಾವಣೆ. 'ಕೊಟ್ಟೂರೇಶ' ಎಂಬುದನ್ನು ದಿನಕ್ಕೆ ಹತ್ತಾರು ಸಲ ಕೂಗಬೇಕಾದಾಗ ನಡುವಿನ ಊಕಾರ ಸವೆಯಿತು; ಟಕಾರವೂ ರಕಾರವೂ ಕೂಡಿಕೊಂಡು 'ಕೊಟ್ರೇಶ' ಎಂದಾಯಿತು. 'ಬಸವಪ್ಪ' ಎಂಬುದು 'ಬಸಪ್ಪ' ಎಂದಾದುದೂ ಹೀಗೆಯೇ. ಹೊಳೆಯ ಕಲ್ಲು ಹರಿಯುವ ನೀರಿನಲ್ಲಿ ಉರುಳಿ ನುಣುಪಾಗುವಂತೆ ಪದಗಳು ಜನರ ನಾಲಗೆಯ ಮೇಲೆ ಉರುಳಿ ನುಣುಪಾಗುತ್ತವೆ. 'ಕೊಟ್ರ' ಎಂಬ ಈ ಸವೆದ ಮೊದಲ ಭಾಗಕ್ಕೆ ಬೇರೆ ಬೇರೆ ಪದಗಳನ್ನು ಸೇರಿಸಿ ಜನರು ಒಂದು ದೊಡ್ಡ ಬಳಗವನ್ನೇ ಕಟ್ಟಿದ್ದಾರೆ: ಕೊಟ್ರಪ್ಪ, ಕೊಟ್ರಯ್ಯ, ಕೊಟ್ರಗೌಡ, ಕೊಟ್ರಬಸಪ್ಪ, ಕೊಟ್ರಸ್ವಾಮಿ. ಹೆಣ್ಣುಮಕ್ಕಳಿಗೆ ಕೊಟ್ರಮ್ಮ, ಕೊಟ್ರವ್ವ, ಕೊಟ್ರಬಸಮ್ಮ.

ಇನ್ನು ಕೊಟ್ಟೂರು ಎಂಬ ಊರಿನ ಹೆಸರಿಗೆ ಬರೋಣ. ಇದರ ಬಗ್ಗೆ ಆ ಭಾಗದಲ್ಲಿ ಒಂದು ಐತಿಹ್ಯ ಪ್ರಚಲಿತವಾಗಿದೆ. ಆ ಊರಿಗೆ ಹಿಂದೆ ಶಿಖಾಪುರ ಎಂಬ ಹೆಸರಿತ್ತಂತೆ; ವೀರಭದ್ರನು ಅಲ್ಲಿ ನೆಲೆಸಿದ್ದನಂತೆ. ಗುರು ಬಸವೇಶ್ವರರು ಅಲ್ಲಿಗೆ ಬಂದು ನೆಲೆಸಲು ಸ್ಥಳವನ್ನು ಕೇಳಿದಾಗ ವೀರಭದ್ರನು ಊರನ್ನೇ ಅವರಿಗೆ ಬಿಟ್ಟುಕೊಟ್ಟು, ತಾನು ಇಂದಿನ ಜಗಳೂರು ತಾಲ್ಲೂಕಿನ ಕೊಡದಗುಡ್ಡಕ್ಕೆ ಹೋದನಂತೆ. ಆದ್ದರಿಂದ ಇದು 'ಕೊಟ್ಟ ಊರು', ಲೋಪಸಂಧಿಯಾಗಿ ಕೊಟ್ಟೂರು. ಕೊಟ್ಟದ್ದು ಊರು, ಕೊಡದೆ ಉಳಿಸಿಕೊಂಡದ್ದು ಗುಡ್ಡ ಎಂಬಂತೆ ಎರಡು ಸ್ಥಳನಾಮಗಳು ಜೋಡಿಯಾಗಿ ಈ ಕಥೆಯಲ್ಲಿ ಅರ್ಥ ಪಡೆಯುತ್ತವೆ.

ಸ್ಥಳನಾಮಗಳ ಅಭ್ಯಾಸ ಮಾಡುವವರು ಇಂತಹ ಕಥೆಯನ್ನು ಕೇಳಿ ಸಂತೋಷಪಡುತ್ತಾರೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಕೊಟ್ಟೂರು ಎಂಬ ಹೆಸರಿನ ಊರುಗಳು ತಮಿಳುನಾಡಿನಲ್ಲಿಯೂ ಕೇರಳದಲ್ಲಿಯೂ ಇವೆ. ನಾಲ್ಕನೆಯ ಶತಮಾನದ ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನದಲ್ಲಿ ಕೊಟ್ಟೂರದ ಸ್ವಾಮಿದತ್ತನೆಂಬ ಅರಸನ ಉಲ್ಲೇಖವಿದೆ. ಆ ಕೊಟ್ಟೂರ ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಎಂದ ಮೇಲೆ ಈ ಹೆಸರು ದಕ್ಷಿಣದ ನುಡಿಗಳಲ್ಲಿ ಬಹಳ ಹಳೆಯದು, ಒಂದೇ ಊರಿಗೆ ಮೀಸಲಾದುದಲ್ಲ ಎಂಬುದು ಸ್ಪಷ್ಟ. ಆದರೂ ಐತಿಹ್ಯವನ್ನು ಸುಳ್ಳೆಂದು ತಳ್ಳಿಬಿಡುವುದು ವಿವೇಕವಲ್ಲ. ಅದು ಪದದ ಹುಟ್ಟನ್ನು ಹೇಳದೆ ಇರಬಹುದು. ಆ ಪದವನ್ನು ಜನರು ಹೇಗೆ ಅರ್ಥಮಾಡಿಕೊಂಡರು ಎಂಬುದನ್ನಂತೂ ಹೇಳುತ್ತದೆ. ಮೊದಲಿದ್ದ ದೈವವನ್ನು ಹೊಸ ಗುರು ಹೊಡೆದೋಡಿಸಲಿಲ್ಲ, ಕೇಳಿದ, ಪಡೆದ. ಕೊಡುವವನೂ ದೊಡ್ಡವನಾದ, ಪಡೆದವನೂ ದೊಡ್ಡವನಾದ. ಇಂದಿಗೂ ಆ ಸೀಮೆಯಲ್ಲಿ ಕೊಟ್ರಪ್ಪನಂತೆಯೇ ವೀರಭದ್ರಪ್ಪನೂ ಇದ್ದಾನೆ. 1953ರಲ್ಲಿ ಕೊಟ್ಟೂರಿನಲ್ಲಿ ಜನಿಸಿ, 'ಅರಮನೆ' ಕಾದಂಬರಿಗಾಗಿ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದ ಪ್ರಸಿದ್ಧ ಲೇಖಕ ಕುಂ. ವೀರಭದ್ರಪ್ಪನವರ ಹೆಸರಿನಲ್ಲಿರುವುದು ಐತಿಹ್ಯ ಹೇಳುವ ಆ ಮೊದಲಿನ ದೈವದ ಹೆಸರೇ.

ಕೊಟ್ಟೂರೇಶ್ವರನೆಂದು ಜನರು ಪೂಜಿಸುವ ಗುರು ಬಸವೇಶ್ವರರು ಹನ್ನೆರಡನೆಯ ಶತಮಾನದ ಬಸವಣ್ಣನವರಲ್ಲ. ಅವರ ಅನಂತರದ ಕಾಲದ ಬೇರೊಬ್ಬ ಮಹಾಪುರುಷರು. ಐತಿಹ್ಯವು ಇವರನ್ನು 1556ರಿಂದ 1605ರವರೆಗೆ ಆಳಿದ ಮೊಗಲ್ ಬಾದಷಹ ಅಕ್ಬರನ ಕಾಲದೊಡನೆ ಜೋಡಿಸುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಕೂಲಹಳ್ಳಿಯ ಮದ್ದಾನೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ಹರಪನಹಳ್ಳಿಯ ಕೆಂಪೇಶ್ವರ ಇವರೊಡನೆ ಕೊಟ್ಟೂರಿನ ಗುರುವನ್ನೂ ಸೇರಿಸಿ 'ಪಂಚಗಣಾಧೀಶರು' ಎಂದು ಭಕ್ತರು ಎಣಿಸುತ್ತಾರೆ. ಇಲ್ಲಿ ಹೇಳಿದ ಅರಸೀಕೆರೆ ಹಾಸನ ಜಿಲ್ಲೆಯದಲ್ಲ, ಹರಪನಹಳ್ಳಿ ತಾಲ್ಲೂಕಿನದು. ಕೊಟ್ಟೂರಿನಲ್ಲಿ ಹಿರೇಮಠ, ತೊಟ್ಟಿಲುಮಠ, ಗಚ್ಚಿನಮಠ, ಮೂರುಕಲ್ಲುಮಠ ಎಂಬ ಸ್ಥಳಗಳು ಈ ಗುರುವಿನ ನೆನಪಿಗೆ ಸಂಬಂಧಪಟ್ಟಿವೆ. ಹಿರೇಮಠಕ್ಕೆ ದರ್ಬಾರು ಮಠವೆಂಬ ಹೆಸರೂ ಉಂಟು. ಭಕ್ತರು ದೇವರನ್ನು 'ಕೊಟ್ಟೂರ ದೊರೆ' ಎಂದೇ ಸಂಬೋಧಿಸುತ್ತಾರೆ. 'ಈಶ' ಎಂಬ ಸಂಸ್ಕೃತ ಪದದ ಅರ್ಥ ಒಡೆಯ, ದೊರೆ ಎಂಬುದು ತಾನೆ? ನಿಘಂಟನ್ನು ಎಂದೂ ನೋಡದವರು ಆ ಪದಕ್ಕೆ ತಕ್ಕ ಕನ್ನಡವನ್ನು ತಾವೇ ಹುಡುಕಿಕೊಂಡಿದ್ದಾರೆ.

ಪ್ರತಿ ವರ್ಷ ಮಾಘ ಮಾಸದ ಕೃಷ್ಣಪಕ್ಷದಲ್ಲಿ, ಮೂಲಾ ನಕ್ಷತ್ರ ಕೂಡಿದ ದಿನ, ಕೊಟ್ಟೂರಿನ ತೇರು ಸಾಗುತ್ತದೆ. ಆ ದಿನಗಳಲ್ಲಿ ಸುತ್ತಣ ಹಾದಿಗಳೆಲ್ಲ ಕೊಟ್ಟೂರಿನತ್ತ ಹರಿಯುವ ಹೊಳೆಗಳಂತೆ ಕಾಣುತ್ತವೆ. ಹರಪನಹಳ್ಳಿ, ಹಡಗಲಿ, ದಾವಣಗೆರೆಯ ಕಡೆಗಳಿಂದ ಜನರು ಕಾಲ್ನಡಿಗೆಯಲ್ಲಿಯೇ ಬರುತ್ತಾರೆ. ಬಸ್ಸು, ರೈಲು ಇದ್ದರೂ ನಡೆದು ಬರುವುದೇ ಹರಕೆ. ದಾರಿಯ ಊರುಗಳವರು ಪರಿಚಯವಿಲ್ಲದ ಯಾತ್ರಿಕರಿಗೆ ಊಟ, ಮಜ್ಜಿಗೆ, ನೆರಳು ಒದಗಿಸುತ್ತಾರೆ. ರಥೋತ್ಸವದಲ್ಲಿ ದೇವರಿಗೆ ದಲಿತ ಮಹಿಳೆಯರು ಕಳಸದಾರತಿ ಬೆಳಗುವ ಸಂಪ್ರದಾಯವಿದೆ.

ಈ ಕಾಲ್ನಡಿಗೆಯಲ್ಲಿಯೇ ಹೆಸರಿನ ವ್ಯಾಪ್ತಿಯ ಗುಟ್ಟೂ ಇದೆ. ಮೋಟಾರು ವಾಹನಗಳಿಲ್ಲದ ಕಾಲದಲ್ಲಿ ಒಂದು ದೈವದ ಪ್ರಭಾವವೆಂದರೆ ಆ ದೈವದ ಜಾತ್ರೆಗೆ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ನಡೆದೋ ಗಾಡಿ ಹೂಡಿಯೋ ಹೋಗಿ ಬರಬಹುದಾದಷ್ಟು ದೂರ. ಕೊಟ್ಟೂರನ್ನು ನಡುವಿಟ್ಟು ನೋಡಿದರೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಲೂ ಇರುವ ನೆರೆಯ ಸೀಮೆಗಳೇ. ಕೊಟ್ರೇಶರು ದಟ್ಟವಾಗಿರುವುದು ಈ ಸುತ್ತಿನಲ್ಲಿಯೇ.

ರಾಜ್ಯಗಳ ಗಡಿಗಳು ಈ ಸೀಮೆಯಲ್ಲಿ ಎಷ್ಟೋ ಸಲ ಬದಲಾಗಿವೆ. ಹರಪನಹಳ್ಳಿಯಲ್ಲಿ ಪಾಳೆಯಗಾರರು ಆಳಿದರು. 1800ರಲ್ಲಿ ಬಳ್ಳಾರಿ ಸೀಮೆಯನ್ನು ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅದು ಮದರಾಸು ಆಡಳಿತಕ್ಕೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು. ಎರಡು ದಶಕಗಳ ಮೇಲೆ ಬಳ್ಳಾರಿಗೆ ಮರಳಿತು. ಕೂಡ್ಲಿಗಿಯಿಂದ ಬೇರ್ಪಟ್ಟು ಕೊಟ್ಟೂರು ತಾನೇ ಒಂದು ತಾಲ್ಲೂಕಾಯಿತು. 2021ರಲ್ಲಿ ಈ ಐದೂ ತಾಲ್ಲೂಕುಗಳು ಹೊಸದಾದ ವಿಜಯನಗರ ಜಿಲ್ಲೆಯಲ್ಲಿ ಸೇರಿದವು. ಇಷ್ಟೆಲ್ಲ ಆದರೂ ಕೊಟ್ರೇಶ ಎಂಬ ಹೆಸರಿನ ಗಡಿ ಕದಲಲಿಲ್ಲ. ಸರ್ಕಾರದ ಭೂಪಟ ಕಾಗದದ ಮೇಲಿನದು. ಹೆಸರುಗಳ ಭೂಪಟ ಜನರ ಕಾಲುದಾರಿಯ ಮೇಲಿನದು.

ದೇವರ ಹೆಸರು ಮಗುವಿನ ಹೆಸರಾಗುವ ಬಗೆಯೂ ಅರಿಯತಕ್ಕದ್ದು. ಹಿಂದಿನ ಕಾಲದಲ್ಲಿ ಹುಟ್ಟಿದ ಮಕ್ಕಳೆಲ್ಲ ಬದುಕುತ್ತಾರೆಂಬ ಭರವಸೆ ಇರಲಿಲ್ಲ. ಸಿಡುಬು, ಕಾಲರಾ, ಬರಗಾಲಗಳು ತೊಟ್ಟಿಲುಗಳನ್ನು ಬರಿದು ಮಾಡುತ್ತಿದ್ದವು. ಮಕ್ಕಳು ಉಳಿಯದ ಮನೆಯವರು ಸಾವಿನ ಕಣ್ಣು ತಪ್ಪಿಸಲೆಂದು ಮಗುವಿಗೆ ತಿಪ್ಪಣ್ಣ, ಗುಂಡಪ್ಪ, ಹುಚ್ಚಪ್ಪ, ಅಡಿವೆಪ್ಪ ಎಂಬ ಹೆಸರುಗಳನ್ನಿಡುತ್ತಿದ್ದರು. ತಿಪ್ಪೆಯದನ್ನು, ಕಲ್ಲುಗುಂಡನ್ನು, ಅಡವಿಯದನ್ನು ಯಾರು ತಾನೆ ಬಯಸಿ ಒಯ್ಯುತ್ತಾರೆ ಎಂಬುದು ಆ ತಾಯಂದಿರ ಲೆಕ್ಕಾಚಾರ. ಇನ್ನು ಕೆಲವರು ಮಗುವನ್ನು ದೇವರ ವಶಕ್ಕೇ ಒಪ್ಪಿಸುತ್ತಿದ್ದರು: 'ಈ ಕೂಸು ಉಳಿದರೆ ನಿನ್ನ ಹೆಸರಿಡುತ್ತೇವೆ' ಎಂದು ಹರಕೆ ಹೊರುತ್ತಿದ್ದರು. ಕೊಟ್ಟೂರಿನ ದಿಕ್ಕಿಗೆ ಕೈಮುಗಿದು ಇಟ್ಟ ಎಷ್ಟೋ ಕೊಟ್ರೇಶ ಎಂಬ ಹೆಸರುಗಳು ಹೀಗೆ ಭಯದಲ್ಲಿ ಹುಟ್ಟಿ ಕೃತಜ್ಞತೆಯಲ್ಲಿ ಬೆಳೆದವು. ಹೆಸರು ಅಲಂಕಾರದ ವಸ್ತುವಾಗಿರಲಿಲ್ಲ. ಬದುಕಿಗೆ ಕಟ್ಟಿದ ರಕ್ಷೆಯಾಗಿತ್ತು.

ಹೆಸರಿಡುವ ದಿನ ತೊಟ್ಟಿಲನ್ನು ಸಿಂಗರಿಸುತ್ತಾರೆ. ಮಗುವಿನ ಸೋದರತ್ತೆ ಬಾಗಿ ಅದರ ಕಿವಿಯಲ್ಲಿ ಹೆಸರನ್ನು ಉಸುರುತ್ತಾಳೆ. ಅಷ್ಟರಲ್ಲಿ ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಬಹುತೇಕ ಮನೆಗಳಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರೇ ಬರುವುದು ರೂಢಿ. ಇದರಿಂದ ಒಂದು ಹೆಸರು ಒಂದು ತಲೆಮಾರು ಬಿಟ್ಟು ಮತ್ತೊಂದರಲ್ಲಿ ಚಿಗುರುತ್ತ ಹೋಗುತ್ತದೆ. ಆದರೆ ಸೊಸೆಗೆ ಒಂದು ತೊಡಕು ಬರುತ್ತಿತ್ತು. ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಮಗನಿಗೆ ಇಟ್ಟದ್ದೂ ಅದೇ ಹೆಸರು. ಅವಳು ಮಗನನ್ನು ಕೂಗುವುದಾದರೂ ಹೇಗೆ? ಅದಕ್ಕಾಗಿ ಅವಳು 'ಅಜ್ಜಪ್ಪ', 'ಅಜ್ಜಯ್ಯ', 'ಯಜಮಾನ' ಎಂದು ಕರೆದಳು. ಕರೆಯುವ ಹೆಸರೇ ಕೊನೆಗೆ ನಿಜವಾದ ಹೆಸರಾಗಿ ನಿಂತದ್ದೂ ಉಂಟು. ಮೂರು ವರ್ಷದ ಪೋರನನ್ನು 'ಅಜ್ಜಪ್ಪಾ, ಬಾರಪ್ಪಾ ಉಣ್ಣಾಕ' ಎಂದು ತಾಯಿ ಕೂಗುವುದನ್ನು ಕೇಳಿದ ಹೊರಗಿನವರು ಬೆರಗಾಗಬಹುದು. ಅದರ ಹಿಂದೆ ಇಂತಹ ಮರ್ಯಾದೆಯ ಎಳೆಯಿದೆ.

ಕೊಟ್ರೇಶ ಎಂಬ ಹೆಸರು ಈ ಸೀಮೆಯಲ್ಲಿ ಒಂಟಿಯಲ್ಲ. ಪ್ರತಿಯೊಂದು ಪುಣ್ಯಸ್ಥಳವೂ ತನ್ನ ಸುತ್ತ ಹೆಸರುಗಳ ಒಂದು ಬೆಳೆಯನ್ನು ಬೆಳೆದಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಸುಮಾರಿಗೆ ಜಾತ್ರೆ ನಡೆದು, ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಆ ಸುತ್ತಿನಲ್ಲಿ ಮೈಲಾರಪ್ಪ, ಮೈಲಪ್ಪ ಎಂಬ ಹೆಸರುಗಳು ಹೇರಳ. ಅದೇ ತಾಲ್ಲೂಕಿನ ಕುರುವತ್ತಿ ತುಂಗಭದ್ರೆಯ ದಡದಲ್ಲಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನು 1068ರಲ್ಲಿ ಹೊಳೆಗಿಳಿದು ದೇಹತ್ಯಾಗ ಮಾಡಿದ ಸ್ಥಳವದು. ಅಲ್ಲಿಯ ಮಲ್ಲಿಕಾರ್ಜುನ ಮತ್ತು ಬಸವನ ಭಕ್ತರ ಮನೆಗಳಲ್ಲಿ ಕುರುವತ್ತೆಪ್ಪ ಎಂಬ ಹೆಸರು ಕೇಳಿಬರುತ್ತದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಹತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯವಿದೆ. ಕಲ್ಲಪ್ಪ, ಕಲ್ಲೇಶ ಎಂಬ ಹೆಸರುಗಳಿಗೆ ಅಂತಹ ಗುಡಿಗಳೇ ತವರು. ಕೂಲಹಳ್ಳಿಯಿಂದ ಗೋಣಿಬಸಪ್ಪ, ಉಚ್ಚಂಗಿದುರ್ಗದಿಂದ ಉಚ್ಚಂಗಪ್ಪ, ಕೊಟ್ಟೂರಿಗೆ ಸಮೀಪದ ಉಜ್ಜಿನಿಯಿಂದ ಮರುಳಸಿದ್ಧಪ್ಪ, ನಾಯಕನಹಟ್ಟಿಯಿಂದ ತಿಪ್ಪೇಶ ಮತ್ತು ತಿಪ್ಪೇಸ್ವಾಮಿ. ಕೂಡ್ಲಿಗಿಯ ಕಡೆಯ ಹಟ್ಟಿಗಳಲ್ಲಿ ಓಬಯ್ಯ, ಬೋರಯ್ಯ, ಪಾಲಯ್ಯ ಎಂಬ ಹೆಸರುಗಳು. ಇವುಗಳಲ್ಲಿ ಓಬಯ್ಯ ಎಂಬುದು ಅಹೋಬಲದ ನರಸಿಂಹನ ನೆನಪನ್ನು, ಪಾಲಯ್ಯ ಎಂಬುದು ದನಗಾಹಿ ವೀರ ಗಾದ್ರಿ ಪಾಲನಾಯಕನ ನೆನಪನ್ನು ಹೊತ್ತಿವೆ. ಹೀಗೆ ಒಬ್ಬ ಮನುಷ್ಯನ ಹೆಸರನ್ನು ಕೇಳಿದೊಡನೆ ಅವನ ಹಿರಿಯರು ಯಾವ ತೇರಿನ ಮಿಣಿಗೆ ಕೈಹಚ್ಚಿದರೆಂದು ಊಹಿಸಬಹುದು.

ಕೊಟ್ಟೂರಿನಲ್ಲಿ ಊರಿನ ಹೆಸರು ಮನುಷ್ಯನಿಗೆ ಬಂತು. ಇದಕ್ಕೆ ವಿಲೋಮವಾದುದೂ ಪಕ್ಕದಲ್ಲಿಯೇ ಇದೆ. ಹಗರಿಬೊಮ್ಮನಹಳ್ಳಿ ಎಂದರೆ ಹಗರಿಯ ದಡದ ಬೊಮ್ಮನ ಹಳ್ಳಿ. 'ಬ್ರಹ್ಮ' ಎಂಬುದರ ತದ್ಭವ ಬೊಮ್ಮ. ಅದು ಹಿಂದೆ ಬಹು ಜನಪ್ರಿಯವಾಗಿದ್ದ ಗಂಡಸಿನ ಹೆಸರು. ಅಲ್ಲಿ ಮನುಷ್ಯನ ಹೆಸರು ಊರಿಗೆ ಅಂಟಿಕೊಂಡಿತು. ಹೀಗೆ ಊರೂ ವ್ಯಕ್ತಿಯೂ ಹೆಸರುಗಳನ್ನು ಕೊಟ್ಟು ಕೊಳ್ಳುತ್ತ ಬಂದಿರುವುದು ಲೋಕದ ಎಲ್ಲೆಡೆಯೂ ಕಾಣುವ ಸಂಗತಿ. ನಂಜನಗೂಡಿನ ಸುತ್ತ ನಂಜುಂಡ, ಮಹದೇಶ್ವರನ ಬೆಟ್ಟದ ಸುತ್ತ ಮಾದೇಶ, ಹುಲಿಗಿಯ ಸುತ್ತ ಹುಲಿಗೆಪ್ಪ. ತಮಿಳುನಾಡಿನಲ್ಲಿ ಪಳನಿಯಿಂದ ಪಳನಿಯಪ್ಪನ್, ಪಳನಿಸ್ವಾಮಿ. ನಮ್ಮ ಮೈಲಾರಲಿಂಗನೇ ಮಹಾರಾಷ್ಟ್ರದ ಖಂಡೋಬ. ಅವನಿಗೆ ಮಲ್ಹಾರಿ ಎಂಬ ಹೆಸರೂ ಇರುವುದರಿಂದ ಅಲ್ಲಿ ಮಲ್ಹಾರರಾವ್ ಎಂಬ ಹೆಸರು ಬಂದಿದೆ. ಇಂದೋರಿನ ಹೋಳ್ಕರ್ ಸಂಸ್ಥಾನವನ್ನು ಸ್ಥಾಪಿಸಿದವನ ಹೆಸರೂ ಅದೇ. ದೂರದ ಯುರೋಪಿನಲ್ಲಿಯೂ 'ಲಾರೆನ್ಸ್' ಎಂಬ ಹೆಸರಿಗೆ ಮೂಲದಲ್ಲಿ ಲಾರೆಂಟಂ ಎಂಬ ಊರಿನವನು ಎಂದೇ ಅರ್ಥ. ಲಾರೆನ್ಸ್ ಎಂದರೆ ನಾಗರಿಕವೆಂದೂ ಕೊಟ್ರೇಶ ಎಂದರೆ ಹಳ್ಳಿಗಾಡಿನದೆಂದೂ ಎಣಿಸುವವರು ಈ ಮಾತನ್ನು ಮರೆಯಬಾರದು. ಎರಡೂ ಒಂದೇ ರೀತಿಯಲ್ಲಿ ಹುಟ್ಟಿದವು.

ಇಲ್ಲಿಯವರೆಗೆ ಹೆಸರಿನ ಮೊದಲ ಭಾಗವನ್ನು ವಿಚಾರಿಸಿದ್ದಾಯಿತು. ಅದರ ಕೊನೆಯ ಭಾಗ ಅಷ್ಟೇ ಮಹತ್ವದ್ದು. ಹಿಂದೆ ಒಂದೇ ದೈವದ ಹೆಸರನ್ನು ಹೊತ್ತವರೆಲ್ಲ ಒಂದೇ ರೀತಿಯಲ್ಲಿ ಕರೆಯಿಸಿಕೊಳ್ಳುತ್ತಿರಲಿಲ್ಲ. ಊರ ಗೌಡರ ಮನೆಯಲ್ಲಿ ಹುಟ್ಟಿದವನು ಕೊಟ್ರಗೌಡ. ಮಠದ ಮನೆಯಲ್ಲಿ ಹುಟ್ಟಿದವನು ಕೊಟ್ರಯ್ಯ. ಅಂಗಡಿ, ಹೊಲ ಉಳ್ಳವನು ಕೊಟ್ರಪ್ಪ. ಅವರ ಮನೆಯಲ್ಲಿ ದುಡಿಯುವ ಆಳಿಗೆ ಹಿರಿಯರು ಇಟ್ಟದ್ದು ಕೊಟ್ರಪ್ಪ ಎಂದೇ ಆಗಿದ್ದರೂ ಊರಿನವರು ಕೂಗುವಾಗ ಅದು ಬರಿಯ 'ಕೊಟ್ರ' ಆಗುತ್ತಿತ್ತು. 'ಅಪ್ಪ' ಎಂಬ ಎರಡು ಅಕ್ಷರಗಳನ್ನು ಅವನಿಗೆ ಕೊಡಲು ಊರಿನ ಬಾಯಿ ಒಪ್ಪುತ್ತಿರಲಿಲ್ಲ. ನಡುವಯಸ್ಸು ದಾಟಿದ ಮನುಷ್ಯನನ್ನು ಹಾಲು ಹಲ್ಲಿನ ಹುಡುಗನು 'ಕೊಟ್ರಾ' ಎಂದು ಕೂಗುವುದು, ಅವನು 'ಬಂದೆ ಬುದ್ಧಿ' ಎಂದು ಓಡುವುದು, ಇವು ಆ ಕಾಲದ ನಿತ್ಯದ ದೃಶ್ಯಗಳು. ಹೆಸರಿನ ಕೊನೆ ಹೀಗೆ ಅಂತಸ್ತನ್ನು ಅಳೆಯುವ ಕೋಲಾಗಿತ್ತು.

ಹೆಸರಿನ ಬಾಲದಲ್ಲಿ ಮನುಷ್ಯನ ಘನತೆಯಿದೆ ಎಂಬುದನ್ನು ಕನ್ನಡನಾಡಿನ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಕಂಡುಕೊಂಡಿದ್ದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ—ಕಾಯಕ ಯಾವುದೇ ಇರಲಿ, ಹೆಸರಿನ ಕೊನೆಗೆ 'ಅಯ್ಯ' ಎಂಬ ಗೌರವ ಎಲ್ಲರಿಗೂ ಸಂದಿತು. ಅನಂತರದ ಶತಮಾನಗಳಲ್ಲಿ ಆ ಸಮತೆ ಮಸುಕಾಯಿತು. ಬಾಲಗಳು ಮತ್ತೆ ಮನೆತನಗಳ ಪಾಲಾದವು.

ಇಪ್ಪತ್ತನೆಯ ಶತಮಾನದಲ್ಲಿ, ಸದ್ದಿಲ್ಲದೆ, ಒಂದು ಹೊಸ ಸಂಗತಿ ನಡೆಯಿತು. ಹಳ್ಳಿಹಳ್ಳಿಗಳಲ್ಲಿ ಶಾಲೆಗಳಾದವು. ಶಾಲೆಗೆ ಬಂದ ಮಗುವಿನ ಹೆಸರನ್ನು ದಾಖಲಾತಿ ಪುಸ್ತಕದಲ್ಲಿ ಬರೆಯಬೇಕಾಯಿತು. ಅದೇ ಕಾಲದಲ್ಲಿ ರಮೇಶ, ಸುರೇಶ, ಮಹೇಶ, ಗಣೇಶ ಎಂಬ 'ಈಶ'ಕಾರಾಂತ್ಯದ ಹೆಸರುಗಳು ನಾಡಿನಲ್ಲೆಲ್ಲ ಹರಡುತ್ತಿದ್ದವು. ಹಳೆಯ ಹೆಸರುಗಳು ಈ ಹೊಸ ಅಚ್ಚಿಗೆ ಸುಲಭವಾಗಿ ಹೊಂದಿಕೊಂಡವು. ನಾಗಪ್ಪನ ಮೊಮ್ಮಗ ನಾಗೇಶನಾದ. ಕಲ್ಲಪ್ಪನ ಮೊಮ್ಮಗ ಕಲ್ಲೇಶ, ಹಾಲಪ್ಪನ ಮೊಮ್ಮಗ ಹಾಲೇಶ, ಸಿದ್ದಪ್ಪನ ಮೊಮ್ಮಗ ಸಿದ್ದೇಶ. ಅಂತೆಯೇ ಕೊಟ್ರಪ್ಪನ ಮೊಮ್ಮಗ ಕೊಟ್ರೇಶನಾದ. ಅಜ್ಜನ ಹೆಸರು ಉಳಿಯಿತು, ಹರಕೆ ಸಂದಿತು, ಹೊಸ ಕಾಲದ ಹೊಳಪೂ ಬಂತು. ಹಳೆಯ ಹೆಸರುಗಳೆಷ್ಟೋ ಅಳಿದುಹೋಗುತ್ತಿದ್ದಾಗ ಈ ಹೆಸರು ಉಳಿದು ಮತ್ತಷ್ಟು ಬೆಳೆಯಲು ಇದೇ ಮುಖ್ಯ ಕಾರಣ.

ಇದರಿಂದ ಮತ್ತೊಂದು ಲಾಭವೂ ಆಯಿತು. 'ಕೊಟ್ರೇಶ' ಎಂಬ ರೂಪದಲ್ಲಿ ಗೌಡನಿಲ್ಲ, ಅಯ್ಯನಿಲ್ಲ, ಬರಿಯ ಕೊಟ್ರನೂ ಇಲ್ಲ. ಹಾಜರಿ ಪುಸ್ತಕದಲ್ಲಿ ಮೂವರು ಕೊಟ್ರೇಶರಿದ್ದರೆ ಅವರಲ್ಲಿ ಹೊಲವುಳ್ಳವನ ಮಗ ಯಾರು, ಕೂಲಿಯವನ ಮಗ ಯಾರು ಎಂಬುದು ಆ ಹೆಸರಿನಿಂದ ತಿಳಿಯುವುದಿಲ್ಲ. ಉಪಾಧ್ಯಾಯರು ಕೂಗುತ್ತಾರೆ, ಮೂವರೂ ಒಂದೇ ಸಲಕ್ಕೆ 'ಬಂದೀನಿ ಸಾರ್' ಎನ್ನುತ್ತಾರೆ. ಆಗ ಗುರುತಿಗಾಗಿ ಹೊಸ ವಿಶೇಷಣಗಳು ಬೇಕಾಗುತ್ತವೆ: ಉದ್ದನೆಯ ಕೊಟ್ರೇಶ, ಕಟ್ಟೆಮನೆ ಕೊಟ್ರೇಶ, ಲೆಕ್ಕದ ಕೊಟ್ರೇಶ. ಇವು ಹುಡುಗನ ಎತ್ತರವನ್ನೋ ಮನೆಯನ್ನೋ ಜಾಣತನವನ್ನೋ ಹೇಳುತ್ತವೆ, ಹುಟ್ಟನ್ನು ಹೇಳುವುದಿಲ್ಲ. ದೊಡ್ಡ ಸುಧಾರಕರು ಭಾಷಣಗಳಲ್ಲಿ ಬಯಸಿದ ಸಮತೆಯ ಒಂದು ಸಣ್ಣ ಅಂಶ ಹಾಜರಿ ಪುಸ್ತಕದ ಒಂದು ಸಾಲಿನಲ್ಲಿ ನೆರವೇರಿತೆಂದರೆ ತಪ್ಪಾಗದು. ಹೆಸರು ಒಂದೇ ಆದ ಮಾತ್ರಕ್ಕೆ ಬಾಳು ಒಂದೇ ಆಗುವುದಿಲ್ಲವೆಂಬುದು ನಿಜ. ಆದರೂ ಅರ್ಧ ಹೆಸರಿನಿಂದ ಕೂಗಿಸಿಕೊಳ್ಳುತ್ತಿದ್ದ ಮನೆಯ ಹುಡುಗನು ಪೂರ್ಣ ಹೆಸರಿಗೆ ಎದ್ದು ನಿಂತು ಓಗೊಡುವುದು ಸಣ್ಣ ಸಂಗತಿಯಲ್ಲ.

ಈಚೆಗೆ ಹೆಸರಿನ ಕೊನೆಯಲ್ಲಿ ಇನ್ನೊಂದು ಬದಲಾವಣೆ ಕಾಣುತ್ತಿದೆ. 'ಕೊಟ್ರೇಶ' ಎಂದು ಬರೆಯುವ ಕಡೆ ಅನೇಕರು 'ಕೊಟ್ರೇಶ್' ಎಂದು ಅರ್ಧಾಕ್ಷರದಿಂದ ನಿಲ್ಲಿಸುತ್ತಾರೆ. ಕನ್ನಡದ ಜಾಯಮಾನ ಪದವನ್ನು ಸ್ವರದಲ್ಲಿ ಮುಗಿಸುವುದು. ಈ ಅರ್ಧಾಕ್ಷರ ಬಂದದ್ದು ಇಂಗ್ಲಿಷ್ ಲಿಪಿಯಲ್ಲಿ ಬರೆದುದನ್ನು ಮತ್ತೆ ಕನ್ನಡಕ್ಕೆ ತಂದುದರಿಂದ. ಆದರೆ ಕರೆಯುವಾಗ ಕನ್ನಡ ತನ್ನ ಹಕ್ಕನ್ನು ಬಿಡುವುದಿಲ್ಲ. ಕಾಗದದಲ್ಲಿ 'ಕೊಟ್ರೇಶ್' ಆದವನನ್ನು ತಾಯಿ ಕೂಗುವುದು 'ಕೊಟ್ರೇಶಾ' ಎಂದೇ.

ಈ ಸೀಮೆ ಮಳೆಯನ್ನು ನಂಬಿದ ಸೀಮೆ. ಮಳೆ ಕೈಕೊಟ್ಟ ವರ್ಷ ಸಂಸಾರಗಳು ಗುಳೆ ಹೋಗುತ್ತವೆ. ಓದಿದ ಮಕ್ಕಳು ಉದ್ಯೋಗವನ್ನರಸಿ ಬೆಂಗಳೂರು ಸೇರುತ್ತಾರೆ. ಅಲ್ಲಿ ಕೆಲವು ಎಳೆಯರಿಗೆ ತಮ್ಮ ಹೆಸರಿನ ಬಗ್ಗೆ ಸಂಕೋಚ ಉಂಟಾಗುವುದುಂಟು. ಅರಿಯದವರು 'ಇದೆಂತಹ ಹೆಸರು?' ಎಂದು ಕೇಳುತ್ತಾರೆ, ಉಚ್ಚರಿಸಲು ತಡವರಿಸುತ್ತಾರೆ. ಮುಂದೆ ಅವರು ತಂದೆಯರಾದಾಗ ಮಕ್ಕಳಿಗೆ ಎಲ್ಲಿಯೂ ಸಲ್ಲುವಂತಹ, ಯಾವ ಊರನ್ನೂ ಸೂಚಿಸದಂತಹ ಹೆಸರನ್ನು ಹುಡುಕುತ್ತಾರೆ. ಮಗುವಿಗೆ ಇಷ್ಟವಾದ ಹೆಸರನ್ನಿಡುವುದು ಹೆತ್ತವರ ಹಕ್ಕು. ಅದನ್ನು ಯಾರೂ ಆಕ್ಷೇಪಿಸಲಾಗದು. ಆದರೆ ನಾಚಿಕೆಯಿಂದ ಬಿಟ್ಟ ಹೆಸರಿಗೂ ಪ್ರೀತಿಯಿಂದ ಆರಿಸಿದ ಹೆಸರಿಗೂ ಅಂತರವಿದೆ. ಅದೇ ಬೆಂಗಳೂರಿನ ಜನಸಂದಣಿಯಲ್ಲಿ 'ಕೊಟ್ರೇಶ' ಎಂಬುದು ಕಿವಿಗೆ ಬಿದ್ದೊಡನೆ ಅಪರಿಚಿತನೊಬ್ಬನು ತಿರುಗಿ, 'ತಮ್ಮಾ, ನಿಮ್ಮದು ಹರಪನಹಳ್ಳಿ ಕಡೆಯೇನಪ್ಪಾ, ಕೊಟ್ಟೂರು ಕಡೆಯೇನು?' ಎಂದು ಕೇಳುವುದೂ ಉಂಟು. ಬಾಡಿಗೆಯ ಕೋಣೆಯೊಂದು ದೊರೆಯುವುದು, ಕಷ್ಟಕಾಲಕ್ಕೆ ಒಂದು ಕೈ ಆಸರೆಯಾಗುವುದು ಇಂತಹ ಪ್ರಶ್ನೆಯಿಂದಲೇ. ಊರನ್ನು ಬಿಟ್ಟು ಬಂದವನ ಜೊತೆಗೆ ಊರು ಅವನ ಹೆಸರಿನಲ್ಲಿ ಬಂದಿರುತ್ತದೆ.

ಒಂದು ಹೆಸರಿನ ಮೂಲವನ್ನು ಅರಿಯುವುದರಿಂದ ಏನು ಪ್ರಯೋಜನ ಎಂದು ಕೇಳುವವರಿರಬಹುದು. ತನ್ನ ಹೆಸರಿನಲ್ಲಿ ಎಷ್ಟು ಜನರ ನಡಿಗೆ, ಎಷ್ಟು ತಾಯಂದಿರ ಹರಕೆ, ಎಷ್ಟು ಕಾಲದ ಉಚ್ಚಾರಣೆ ಸೇರಿದೆಯೆಂದು ತಿಳಿದವನು ಅದನ್ನು ಹೇಳಿಕೊಳ್ಳಲು ಹಿಂಜರಿಯುವುದಿಲ್ಲ. ಅಷ್ಟೇ ಅಲ್ಲ, ಇನ್ನೊಬ್ಬನ ಹೆಸರನ್ನು ಕೇಳಿ ನಗುವುದಿಲ್ಲ. ಅದನ್ನು ಅರ್ಧಕ್ಕೆ ಮುರಿದು ಕೂಗುವುದೂ ಇಲ್ಲ. ಕೊಟ್ಟೂರು ಕೊಟ್ಟ ಊರೆಂದು ಐತಿಹ್ಯ ಹೇಳುತ್ತದೆ. ಹೆಸರೂ ಹಾಗೆಯೇ: ಹಿಂದಿನವರು ಮುಂದಿನವರಿಗೆ ಕೊಟ್ಟದ್ದು. ಪಡೆದವನು ಅದನ್ನು ಪೂರ್ಣವಾಗಿ, ಘನತೆಯಿಂದ ಧರಿಸಬೇಕು. ಕೂಗುವವನು ಅದನ್ನು ಪೂರ್ಣವಾಗಿ, ಗೌರವದಿಂದ ಕೂಗಬೇಕು.